ಸತೀರ್ಥರ ಸಮಾಗಮ

ಸಂಸ್ಕೃತದಲ್ಲಿ ‘ಸತೀರ್ಥ’ ಎಂಬ ಸೊಗಸಾದ ಶಬ್ದವೊಂದುಂಟು. ಇಲ್ಲಿ ತೀರ್ಥವೆಂದರೆ ಪುಣ್ಯಜಲವಲ್ಲ, ಗುರು. ಒಬ್ಬನೇ ಗುರುವಿನ ಬಳಿ ಕುಳಿತು ಕಲಿತವರೆಲ್ಲರೂ ಸತೀರ್ಥರು. ಅವರಲ್ಲಿ ತೇರ್ಗಡೆಯಾದವರಾರು, ಆಗದವರಾರು ಎಂಬ ವಿಂಗಡಣೆ ಈ ಶಬ್ದದೊಳಗಿಲ್ಲ. ಹಳೆಯ ವಿದ್ಯಾರ್ಥಿಗಳ ಗುರುವಂದನೆ, ಸ್ನೇಹಸಮ್ಮಿಲನಗಳು ಊರೂರುಗಳಲ್ಲಿ ಜರುಗುತ್ತಿರುವ ಈ ದಿನಗಳಲ್ಲಿ ಇದು ಮನನೀಯವಾದ ವಿಷಯ.

ಅಂದಿನ ವಿಜಾಪುರ ಜಿಲ್ಲೆಯ ಪ್ರೌಢಶಾಲೆಯೊಂದರಿಂದ 1973ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ತರಗತಿಯೊಂದರ ದೃಷ್ಟಾಂತ ಇಲ್ಲಿ ಉಚಿತವಾದೀತು. ಆ ಮಕ್ಕಳು ಬೇಸಿಗೆಯಲ್ಲಿ ಉತ್ತರಪತ್ರಿಕೆ ಬರೆದಾಗ ನಾಡಿನ ಹೆಸರು ಮೈಸೂರು ರಾಜ್ಯ. ಅದೇ ವರ್ಷದ ನವೆಂಬರ್ 1ರಂದು ಅದು ಕರ್ನಾಟಕವಾಯಿತು. ಅದಕ್ಕೆ ಹಿಂದೆ, 1972ರಲ್ಲಿ, ಮಳೆ ಕೈಕೊಟ್ಟು ಆ ಸೀಮೆಯನ್ನು ಬರಗಾಲ ಕವಿದಿತ್ತು. ಬಾವಿ ಬತ್ತಿ, ಬಿತ್ತಿದ ಜೋಳ ಒಣಗಿ, ಮನೆಮಂದಿಯೆಲ್ಲ ಬರಗಾಲದ ಕಾಮಗಾರಿಗೆ ಖಡಿ ಒಡೆಯಲು ಹೋದ ಕಾಲವದು. ಕೆಲವು ಹುಡುಗರೂ ಪುಸ್ತಕವನ್ನು ಗೂಡಿನಲ್ಲಿರಿಸಿ ಸುತ್ತಿಗೆ ಹಿಡಿದರು.

ಆ ಕಾಲದಲ್ಲಿ ಫಲಿತಾಂಶವು ವೃತ್ತಪತ್ರಿಕೆಯಲ್ಲಿ ಪ್ರಕಟವಾಗುತ್ತಿತ್ತು. ಅಲ್ಲಿ ಹೆಸರುಗಳಿರುತ್ತಿರಲಿಲ್ಲ, ತೇರ್ಗಡೆಯಾದವರ ಸಂಖ್ಯೆಗಳು ಮಾತ್ರ. ತನ್ನ ಸಂಖ್ಯೆಯನ್ನು ಕಾಣದ ಹುಡುಗನು ಪತ್ರಿಕೆಯನ್ನು ಮಡಿಸಿಟ್ಟು ಹೊಲದ ದಾರಿ ಹಿಡಿದನೆಂದರೆ, ಶಾಲೆಯ ನೆನಪಿನಿಂದಲೂ ಅವನು ಮರೆಯಾದಂತೆಯೇ ಸರಿ. ಅವನ ಸೋಲಿನಲ್ಲಿ ಮೇಘರಾಜನ ಪಾಲೆಷ್ಟೆಂಬುದನ್ನು ಕೇಳುವವರಿರಲಿಲ್ಲ.

ದಾಖಲಾತಿ ಪುಸ್ತಕದ್ದು ಬೇರೊಂದು ವಿನೋದ. ಜನ್ಮದಿನ ತಿಳಿಯದ ಮಕ್ಕಳಿಗೆ, ಶಾಲೆ ತೆರೆಯುವ ತಿಂಗಳನ್ನನುಸರಿಸಿ, ಜೂನ್ 1 ಎಂದು ಬರೆದುಕೊಳ್ಳುವುದು ಅಂದಿನ ಗುರುಗಳ ರೂಢಿ. ಹೀಗೆ 1957ರ ಜೂನ್ 1ರಂದು ‘ಜನಿಸಿದ’ವರಲ್ಲಿ ಸರಕಾರಿ ನೌಕರಿ ಹಿಡಿದವರು 60 ವರ್ಷ ತುಂಬಿ 2017ರ ಮೇ 31ರಂದು ಏಕಕಾಲಕ್ಕೆ ನಿವೃತ್ತರಾದರು. ಅದೇ ಜನ್ಮದಿನವನ್ನು ಹೊತ್ತು ಒಕ್ಕಲುತನಕ್ಕೆ ನಿಂತವರಿಗೆ ನಿವೃತ್ತಿಯೆಂಬುದಿಲ್ಲ.

ಐವತ್ತು ವರ್ಷ ತುಂಬಿದ 2023ರಲ್ಲಿ ಈ ತರಗತಿಯವರು ಕೂಡಬೇಕೆಂದು ನಿಶ್ಚಯಿಸಿದರು. ವಾಟ್ಸಾಪ್ ಗುಂಪು ರಚಿತವಾಯಿತು. ಅದರಲ್ಲಿ ಮೊದಲು ಸೇರಿದವರು ಅಭಿಯಂತರರು, ಉಪನ್ಯಾಸಕರು, ಬ್ಯಾಂಕಿನಲ್ಲಿದ್ದವರು. ವೇದಿಕೆ, ಶಾಲು, ಫಲಪುಷ್ಪಗಳ ಏರ್ಪಾಡಿನ ಮಾತು ಮುಗಿಯುತ್ತ ಬಂದಾಗ, ಎಂಬತ್ತನ್ನು ದಾಟಿದ ಗಣಿತದ ಗುರುಗಳು ಒಂದೇ ಪ್ರಶ್ನೆ ಕೇಳಿದರು: “ಉಳಿದವರು ಎಲ್ಲಿ?”

ಆ ಪ್ರಶ್ನೆಯಿಂದ ಹುಡುಕಾಟ ಮೊದಲಾಯಿತು. ನಿವೃತ್ತ ಅಭಿಯಂತರರೊಬ್ಬರು ಹಳೆಯ ಗೆಳೆಯನನ್ನು ಅರಸಿ ಅವನ ಹೊಲಕ್ಕೇ ಹೋದರು. ಗೆಳೆಯನು ಕುಡಗೋಲನ್ನು ಕೆಳಗಿಡದೆ, “ನಾ ಪಾಸಾದಾಂವ ಅಲ್ಲೋ. ಅಲ್ಲಿಗೆ ಬಂದು ಏನ ಮಾಡ್ಲಿ?” ಎಂದನು. “ಮಾಸ್ತರು ನಿನ್ನ ಕೇಳ್ಯಾರ, ಹೊಂಡು” ಎಂಬುದೇ ಉತ್ತರವಾಯಿತು.

ಸಹಪಾಠಿನಿಯರನ್ನು ಹುಡುಕುವುದು ಇನ್ನೂ ಕಠಿಣವಾಗಿತ್ತು. ಮದುವೆಯಲ್ಲಿ ಅಡ್ಡಹೆಸರಷ್ಟೇ ಅಲ್ಲದೆ ಇಟ್ಟ ಹೆಸರೂ ಬದಲಾದವರನ್ನು ಯಾವ ಪಟ್ಟಿ ತೋರಿಸೀತು? ತವರಿನ ಅಣ್ಣತಮ್ಮಂದಿರನ್ನು ವಿಚಾರಿಸಿ ನಾಲ್ವರನ್ನು ಪತ್ತೆಹಚ್ಚಿದರು. ಇಬ್ಬರು ಬಂದರು.

ಸಮಾರಂಭದ ದಿನ ಗುರುಗಳು ಭಾಷಣ ಮಾಡಲಿಲ್ಲ. ಹಳೆಯ ಹಾಜರಿ ಪುಸ್ತಕವನ್ನು ತರಿಸಿ ಹೆಸರು ಕೂಗಿದರು. ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತಿದ್ದ ಒಕ್ಕಲಿಗನು ತನ್ನ ಹೆಸರು ಕೇಳಿದೊಡನೆ ತಟ್ಟನೆ ಎದ್ದು “ಹಾಜರ ರೀ” ಎಂದನು. ಮರಣಿಸಿದವರ ಹೆಸರನ್ನೂ ಗುರುಗಳು ಬಿಡಲಿಲ್ಲ. ಪ್ರತಿಯೊಂದನ್ನೂ ಕೂಗಿ, ತುಸು ಹೊತ್ತು ತಡೆದು ಮುಂದಕ್ಕೆ ಸಾಗಿದರು. ಆ ಪುಸ್ತಕದಲ್ಲಿ ಅಂಕಗಳಿರಲಿಲ್ಲ, ಹುದ್ದೆಗಳಿರಲಿಲ್ಲ. ಬಂದ ದಿನ, ಬಾರದ ದಿನಗಳ ಗುರುತಷ್ಟೇ ಇದ್ದಿತು.

ಹಳೆಯ ವಿದ್ಯಾರ್ಥಿಗಳಿಂದ ಶಾಲೆಗೆ ಕೊಠಡಿ, ದತ್ತಿನಿಧಿಗಳು ಬರುವುದು ಶ್ಲಾಘ್ಯವೇ ಸರಿ. ಆದರೆ ಕೊಡಲು ಶಕ್ತರಾದವರನ್ನಷ್ಟೇ ಕರೆಯುವ ಸಮ್ಮಿಲನವು ಅರ್ಧ ತರಗತಿಯದು. ಆದ್ದರಿಂದ ಸಮ್ಮಿಲನವನ್ನು ಏರ್ಪಡಿಸುವ ಮಹನೀಯರು ಫಲಿತಾಂಶದ ಪಟ್ಟಿಯನ್ನು ಬದಿಗಿರಿಸಿ, ಮೊದಲು ಹಾಜರಿ ಪುಸ್ತಕವನ್ನು ತೆರೆಯಲಿ. ಅಲ್ಲಿರುವ ಪ್ರತಿಯೊಂದು ಹೆಸರಿಗೂ ಓಲೆ ಹೋಗಲಿ. ಓಲೆ ಮುಟ್ಟದಿದ್ದಲ್ಲಿ ಒಬ್ಬರಾದರೂ ಎದ್ದು ಹೋಗಿ ಬಾಗಿಲು ತಟ್ಟಲಿ.