ಹಳದಿ ಬಾವುಟ ಇಳಿಯುವ ತನಕ

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬಿಳಿ ಬೋಟು, ಉದ್ದದ ಒಂದು ಕಂಬ, ಅದರ ಅರ್ಧದಲ್ಲಿ ಬಲಗಡೆ ಒಂದು ಹಳದಿ ಚುಕ್ಕೆ. ಬ್ಲರ್ ಆಗಿದೆ, ಸಾರಿ. ನಾನು ನಿಂತಿದ್ದದ್ದೂ ನೀರಿನ ಮೇಲೆಯೇ, ಕೊಚ್ಚಿ ವಾಟರ್ ಮೆಟ್ರೋದ ಗಾಜಿನ ಹಿಂದೆ. ಡೆಕ್ ಮೇಲೆ ಬೈರಾಸು ಬೀಸ್ತಾ ಇರುವವರು ನನ್ನ ಮಾವ. ನನ್ನ ಪಕ್ಕ ಇದ್ದದ್ದು ಅಮ್ಮಮ್ಮ. ತಾಯಿ ಮಗನ ನಡುವೆ ಹೆಚ್ಚಂದ್ರೆ ಇನ್ನೂರು ಮೀಟರ್ ನೀರು. ಎರಡು ವರ್ಷದ ಮೇಲೆ ಎರಡು ತಿಂಗಳಾಗಿತ್ತು ಅವರು ಎದುರೆದುರು ನಿಂತು. ಅವತ್ತೂ ಮಾವ ಇಳಿಯುವ ಹಾಗಿರಲಿಲ್ಲ.

ಕಳೆದ ಪೋಸ್ಟ್‌ನಲ್ಲಿ ಎಷ್ಟೋ ಜನ ಕೇಳಿದ್ರಿ, ಸ್ವಂತ ಬೋಟಲ್ಲಿ ಬೇರೆ ದೇಶಕ್ಕೆ ಹೋದ್ರೆ ಪಾಸ್‌ಪೋರ್ಟ್ ಯಾರು ನೋಡ್ತಾರೆ, ಸೀದಾ ದಡಕ್ಕೆ ಕಟ್ಟಿ ಇಳಿದ್ರೆ ಆಗಲ್ವಾ ಅಂತ. ಆಗಲ್ಲ. ಹೇಗೆ ಆಗಲ್ಲ ಅನ್ನೋದನ್ನ ನಾನು ಪುಸ್ತಕದಲ್ಲಿ ಓದಿದ್ದೆ, ಆ ಶನಿವಾರ ಕಣ್ಣಲ್ಲಿ ನೋಡಿದೆ.

ಮಾವ ಗಂಗೊಳ್ಳಿಯವರು. ಮೊದಲು ಕಾರ್ಗೋ ಹಡಗಲ್ಲಿ ಇದ್ರು, ಈಗ ವಿದೇಶಿ ದಂಪತಿಯೊಬ್ಬರ ಖಾಸಗಿ ಯಾಟ್‌ನಲ್ಲಿ ಕುಕ್. (ಯಾಟ್ ಅಂದ ತಕ್ಷಣ ಸಿನಿಮಾದ ಪಾರ್ಟಿ ನೆನಪಾಗುತ್ತೆ ಅಲ್ವಾ? ಇದು ಹಾಯಿ ಬೋಟು. ಮಾವ ಮಲಗುವ ಜಾಗ ನಮ್ಮ ಹಾಸ್ಟೆಲ್ ಮಂಚಕ್ಕಿಂತ ಚಿಕ್ಕದು.) 2024ರ ಜನವರಿಯಲ್ಲಿ ಅಜ್ಜ ತೀರಿಕೊಂಡಾಗ ಮಾವ ನಡುಸಮುದ್ರದಲ್ಲಿದ್ರು. ಸುದ್ದಿ ಮುಟ್ಟಿ, ಒಂದು ಬಂದರು ಸಿಗುವಷ್ಟರಲ್ಲಿ ಇಲ್ಲಿ ಎಲ್ಲ ಕಾರ್ಯ ಮುಗಿದಿತ್ತು. ಬಂದು ಏನು ಮಾಡ್ಲಿ ಅಂತ ಬರಲೇ ಇಲ್ಲ. ಅಮ್ಮಮ್ಮ ಒಂದು ಮಾತೂ ಆಡಲಿಲ್ಲ. ಆದ್ರೆ ವರ್ಷದ ಕಾರ್ಯಕ್ಕೆ ಅವ ಇರಬೇಕು, ಅಷ್ಟೇ ಅಂದ್ರು.

ಆ ಕಾರ್ಯ ಇದ್ದದ್ದು 2025ರ ಜನವರಿಯ ಒಂದು ಭಾನುವಾರ. ಬೋಟು ಶ್ರೀಲಂಕಾದ ಗಾಲೆಯಿಂದ ಹೊರಟು ಕೊಚ್ಚಿಗೆ ಬಂದು, ಅಲ್ಲಿಂದ ಓಮಾನ್ ಕಡೆ ಹೋಗುವುದಿತ್ತು. ಮಾವ ಕೊಚ್ಚಿಯಲ್ಲಿ ಸೈನ್ ಆಫ್ ಮಾಡಿ ಊರಿಗೆ ಬರುವುದು ಅಂತ ಪ್ಲಾನ್. ಗಾಲೆಯಿಂದ ಮೂರು ನಾಲ್ಕು ದಿನದ ದಾರಿ. ಗುರುವಾರ ರಾತ್ರಿ ಸ್ಯಾಟಲೈಟ್ ಫೋನಿಂದ ಒಂದು ಮೆಸೇಜ್ ಬಂತು: ‘ಇನ್ನು ಫೋನ್ ಆಫ್. ಕೊಚ್ಚಿಯಲ್ಲಿ ಸಿಗುವ.’ ಇರಿಡಿಯಂ, ತುರಾಯಾ ತರದ ಫೋನುಗಳನ್ನು ಅನುಮತಿ ಇಲ್ಲದೆ ಭಾರತದಲ್ಲಿ ಬಳಸುವ ಹಾಗಿಲ್ಲ, ಹಾಗಾಗಿ ಹತ್ತಿರ ಬರ್ತಾ ಇದ್ದ ಹಾಗೆ ಆಫ್ ಮಾಡಿ ಇಡ್ತಾರೆ. ಸಾವಿರ ಮೈಲಿ ದೂರದಲ್ಲಿದ್ದಾಗ ದಿನಾ ಮೆಸೇಜ್ ಬರ್ತಿತ್ತು. ಊರಿನ ಹತ್ತಿರ ಬಂದ ಮೇಲೆ ಸುದ್ದಿಯೇ ಇಲ್ಲ. ಅಮ್ಮಮ್ಮನಿಗೆ ಇದನ್ನು ಎಷ್ಟು ಹೇಳಿದ್ರೂ ಅರ್ಥ ಆಗಲಿಲ್ಲ. ನಂಗೂ ಆ ರಾತ್ರಿ ನಿದ್ದೆ ಬರಲಿಲ್ಲ ಅನ್ನಿ. ಶುಕ್ರವಾರ ಸಂಜೆ ಮಾವನ ಹಳೇ ಸಿಮ್‌ಗೆ ಟವರ್ ಸಿಕ್ಕಿ ಮಿಸ್ಡ್ ಕಾಲ್ ಬಂತು. ಅಮ್ಮಮ್ಮ ಆಗಲೇ ಚೀಲ ಕಟ್ಟಿ ಕೂತಿದ್ರು. ಅಮ್ಮ ಊರಲ್ಲಿ ಕಾರ್ಯದ ತಯಾರಿಗೆ ಉಳಿದ್ರು, ನಾನು ಅಮ್ಮಮ್ಮನ ಜೊತೆ ರಾತ್ರಿ ರೈಲು ಹತ್ತಿದೆ.

ನಮ್ಮ ಕ್ಲಾಸಿನವರಿಗೆ ನೆನಪಿರಬಹುದು, ಕಸ್ಟಮ್ಸ್ ಆಕ್ಟ್ 1962, ಸೆಕ್ಷನ್ 29. ಹೊರದೇಶದಿಂದ ಬರುವ ಹಡಗು ಮೊದಲು ಕಸ್ಟಮ್ಸ್ ಬಂದರಿಗೇ ಬರಬೇಕು, ಬೇರೆಲ್ಲೂ ಹಾಗೆ ಮುಟ್ಟುವ ಹಾಗಿಲ್ಲ. ಹಡಗು ಅಂದ್ರೆ ದೊಡ್ಡ ಕಂಟೇನರ್ ಹಡಗು ಮಾತ್ರ ಅಂದ್ಕೊಂಡಿದ್ದೆ. ಗಂಡ ಹೆಂಡತಿ, ಒಬ್ಬ ಕುಕ್ ಇರುವ ಹಾಯಿ ಬೋಟಿಗೂ ಅದೇ ರೂಲು. ವಿಮಾನದಲ್ಲಿ ಬಂದ್ರೆ ಏರ್‌ಪೋರ್ಟಿನವರು ನಿಮ್ಮನ್ನ ತಾವೇ ಸಾಲಲ್ಲಿ ನಿಲ್ಲಿಸ್ತಾರೆ, ನೀವು ತಪ್ಪಿಸ್ಕೊಳ್ಳಲಿಕ್ಕೆ ದಾರಿಯೇ ಇಲ್ಲ. ಬೋಟಲ್ಲಿ ಬಂದವರು ತಾವಾಗಿಯೇ ಹೋಗಿ ‘ನಾವು ಬಂದಿದ್ದೇವೆ, ಬಂದು ನೋಡಿ’ ಅಂತ ಹೇಳ್ಕೊಳ್ಬೇಕು. ಆ ಹಳದಿ ಚುಕ್ಕೆ ಅದಕ್ಕೇ ಇರುವುದು.

ಅದಕ್ಕೆ ಕ್ಯೂ ಫ್ಲ್ಯಾಗ್ ಅಂತಾರೆ. ಹಿಂದೆ ಪ್ಲೇಗ್ ಕಾಲದಲ್ಲಿ ವೆನಿಸ್‌ನಂಥ ಬಂದರುಗಳಲ್ಲಿ ಹಡಗಿನವರನ್ನು ನಲವತ್ತು ದಿನ ದೂರ ನಿಲ್ಲಿಸ್ತಿದ್ರಂತೆ. ಕೊರೋನಾದಲ್ಲಿ ನಾವು ಬೇಕಾದಷ್ಟು ಕೇಳಿದ ಕ್ವಾರಂಟೈನ್ ಪದ ಬಂದದ್ದೂ ಆ ನಲವತ್ತರಿಂದಲೇ. ಈಗ ಹಳದಿ ಬಾವುಟದ ಅರ್ಥ ‘ರೋಗ ಉಂಟು’ ಅಂತ ಅಲ್ಲ. ‘ನಮ್ಮಲ್ಲಿ ಎಲ್ಲ ಆರೋಗ್ಯವಾಗಿದ್ದೇವೆ, ಒಳಗೆ ಬರಲಿಕ್ಕೆ ಅನುಮತಿ ಕೊಡಿ’ ಅಂತ. ಅದು ಮೇಲಿರುವಷ್ಟು ಹೊತ್ತು ಕ್ಯಾಪ್ಟನ್ ಒಬ್ಬ ಕಾಗದಪತ್ರ ಹಿಡ್ಕೊಂಡು ಓಡಾಡಬಹುದು. ಉಳಿದವರು ಬೋಟಲ್ಲೇ.

ಅಮ್ಮಮ್ಮನ ಪ್ರಶ್ನೆ ಬೇರೆಯೇ. “ನಿನ್ನಜ್ಜ ನಲ್ವತ್ತ್ ವರ್ಷ ಕಡಲಿಗ್ ಹೋಯಿ ಬಂದದ್ದ್, ಒಬ್ರೂ ಕಾಗ್ದ ಕೇಳ್ಲಿಲ್ಲ. ಇವ ನಮ್ಮನೆ ಮಗ ಅಲ್ದಾ?”

ನಾನೇನು ಹೇಳಲಿ? ತಮಾಷೆ ಅಂದ್ರೆ ಅವತ್ತು ಆ ಬೋಟಲ್ಲಿ ಗಟ್ಟಿ ಪಾಸ್‌ಪೋರ್ಟ್ ಇದ್ದದ್ದು ಮಾವನದ್ದೇ. ಬೇರೆ ದೇಶಗಳಲ್ಲಿ ಯಜಮಾನರು ಆರಾಮಾಗಿ ಇಳಿದು ಕಾಫಿಗೆ ಹೋದ್ರೆ ಮಾವ ವೀಸಾ ಇಲ್ಲ ಅಂತ ಬೋಟು ಕಾದದ್ದು ಎಷ್ಟೋ ಸಲ ಉಂಟು. ಇಲ್ಲಿ ಅವರು ಮೊದಲೇ ಇ-ವೀಸಾ ಮಾಡ್ಕೊಂಡು ಬರಬೇಕಿತ್ತು. ಅದನ್ನು ಒಪ್ಪುವ ಬಂದರುಗಳಲ್ಲಿ ಕೊಚ್ಚಿ ಒಂದು, ನಮ್ಮ ಮಂಗಳೂರೂ ಉಂಟು. ಮಾವನಿಗೆ ಯಾವ ವೀಸಾವೂ ಬೇಡ. ಆದ್ರೆ ಬೋಟಿನ ಕಾಗದ ಎಲ್ಲರಿಗೂ ಸೇರಿ ಒಂದೇ. ಹಿಂದಿನ ಬಂದರಿನ ಕ್ಲಿಯರೆನ್ಸ್, ಬೋಟಿನ ರಿಜಿಸ್ಟ್ರೇಷನ್, ಕ್ರೂ ಲಿಸ್ಟ್, ಬೋಟಲ್ಲಿ ಏನೇನಿದೆ ಅನ್ನುವ ಪಟ್ಟಿ. ಒಂದು ಸರಿ ಇಲ್ಲ ಅಂದ್ರೆ ಎಲ್ಲರೂ ನಿಂತ ಹಾಗೆ.

ಸರಿ ಇರಲಿಲ್ಲ. ಕ್ರೂ ಲಿಸ್ಟ್‌ನಲ್ಲಿ ಮಾವನ ಪಾಸ್‌ಪೋರ್ಟ್ ನಂಬರಿನ 8 ಇದ್ದಲ್ಲಿ 3 ಆಗಿತ್ತು. ಟೈಪ್ ಮಾಡಿದ್ದು ಕ್ಯಾಪ್ಟನ್ನೇ. ಒಂದು ಅಂಕಿ. ನಾವು ಅಕೌಂಟ್ಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೆ ಇರುವಾಗ ತಲೆ ಕೆರ್ಕೊಳ್ತೇವಲ್ಲ, ಅಲ್ಲಿ ಹೋಗುವುದು ಎರಡು ಮಾರ್ಕು. ಇಲ್ಲಿ ಭಾನುವಾರ ಬೆಳಗ್ಗೆ ಗಂಗೊಳ್ಳಿಯಲ್ಲಿ ಭಟ್ರು ಕಾಯ್ತಾರೆ. ಕ್ಯಾಪ್ಟನ್ ಹೊಸ ಲಿಸ್ಟ್ ಮಾಡಿ, ತಪ್ಪಿಗೆ ವಿವರಣೆ ಬರೆದು, ಸಹಿ ಹಾಕಿ, ಬೋಟಿನ ಸೀಲು ಒತ್ತಿ ಮತ್ತೆ ಹೊರಟ್ರು. (ಹೌದು, ಬೋಟಿಗೂ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸ್ಕೊಂಡಿರ್ತಾರೆ. ಎಲ್ಲ ದೇಶದ ಆಫೀಸಿನವರಿಗೂ ಸೀಲು ಕಂಡ್ರೆ ಸಮಾಧಾನ ಅಂತೆ.)

ಆ ಹೊತ್ತಲ್ಲಿ ನಾವು ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ಹೋಗುವ ವಾಟರ್ ಮೆಟ್ರೋ ಹತ್ತಿದ್ವಿ, ಯಾಕಂದ್ರೆ ದಾರಿಯಲ್ಲಿ ಬೋಟು ಕಾಣ್ತದೆ ಅಂತ ಮಾವ ಫೋನಲ್ಲಿ ಹೇಳಿದ್ರು. ಕಂಡಿತು. ಅರ್ಧ ನಿಮಿಷ. ಅಮ್ಮಮ್ಮ ಗಾಜಿಗೆ ಅಂಗೈ ಒತ್ತಿ ನಿಂತಿದ್ರು. ವೈಪಿನ್‌ನಲ್ಲಿ ಇಳಿದು ವಾಪಸ್ ಟಿಕೆಟ್. ಮತ್ತೆ ಅರ್ಧ ನಿಮಿಷ. ಹೀಗೆ ಮೂರು ಸಲ ಹೋಗಿ ಬಂದ್ವಿ. ಮೂರನೇ ಸಲ ಹತ್ತುವಾಗ ಗೇಟಿನಲ್ಲಿದ್ದ ಹುಡುಗಿ ಮಲಯಾಳಂನಲ್ಲಿ ಏನೋ ಕೇಳಿದ್ಲು, ಅಮ್ಮಮ್ಮ ಕುಂದಾಪ್ರ ಕನ್ನಡದಲ್ಲಿ ಏನೋ ಹೇಳಿದ್ರು, ಇಬ್ಬರಿಗೂ ಅರ್ಥ ಆದ ಹಾಗಿತ್ತು. ಎರಡನೇ ಫೋಟೋ ಆಗಿನದ್ದು.

ಮಧ್ಯಾಹ್ನ ಕಸ್ಟಮ್ಸ್‌ನವರು ಬೋಟಿಗೆ ಹೋದ್ರು. ವೈನ್ ಬಾಟಲಿ ಎಷ್ಟು, ಡೀಸೆಲ್ ಎಷ್ಟು, ಸ್ಯಾಟಲೈಟ್ ಫೋನ್ ಎಲ್ಲಿ, ಎಲ್ಲ ನೋಡಿದ್ರಂತೆ. ಬೋಟಿನ ಸಾಮಾನು ಬೋಟಲ್ಲೇ ಖರ್ಚಾದ್ರೆ ಸುಂಕ ಇಲ್ಲ (ಸೆಕ್ಷನ್ 87, ಇದೂ ಓದಿದ್ದೇ), ದಡಕ್ಕೆ ಬಂದ್ರೆ ಕಥೆ ಬೇರೆ. ಅದಕ್ಕೇ ಲೆಕ್ಕ. ಮಾವ ಕುಕ್ ಆದ್ದರಿಂದ ಅಕ್ಕಿ ಬೇಳೆ ಪಟ್ಟಿ ಬರೆದದ್ದು ಅವರೇ. ಆಗಿನ 2016ರ ಬ್ಯಾಗೇಜ್ ರೂಲ್ಸ್ ಪ್ರಕಾರ ಕೆಲಸ ಮುಂದುವರಿಸುವ ಕ್ರೂ ಚಾಕ್ಲೇಟ್, ಚೀಸ್ ಅಂತ ಸಣ್ಣಪುಟ್ಟದ್ದು 1,500 ರೂಪಾಯಿದು ಮಾತ್ರ ತರಬಹುದಿತ್ತು. ಪೂರ್ತಿ ಸೈನ್ ಆಫ್ ಆಗಿ ಇಳಿಯುವವರಿಗೆ ಬೇರೆ ಪ್ರಯಾಣಿಕರ ಹಾಗೆಯೇ ಲೆಕ್ಕ. ನಾನು ಇದನ್ನೆಲ್ಲ ನೋಟ್ಸ್ ನೋಡಿ ಫೋನಲ್ಲಿ ಹೇಳಿದ್ರೆ ಮಾವ, “ಎಂತ ಮಾರಾಯ, ನನ್ ಚೀಲದಲ್ಲಿ ಇಪ್ಪುದೇ ನಾಲ್ಕು ಅಂಗಿ” ಅಂದ್ರು.

ಸಂಜೆ ಐದರ ಹತ್ತಿರ ಕಾಲ್ ಬಂತು: “ಕಾಣಿ, ಈಗ ಇಳಿಸ್ತೆ.” ನಾವು ಜೆಟ್ಟಿಯಲ್ಲಿದ್ವಿ, ಅಲ್ಲಿಂದ ಏನೂ ಕಾಣಲಿಲ್ಲ. ಹಾಗಾಗಿ ಹಳದಿ ಬಾವುಟ ಇಳಿದು ನಮ್ಮ ಬಾವುಟ ಏರಿದ ಫೋಟೋ ನನ್ನ ಹತ್ತಿರ ಇಲ್ಲ. ನೀವೆಲ್ಲ ಅದನ್ನೇ ಕೇಳ್ತೀರಿ ಅಂತ ಗೊತ್ತು.

ಮಾವ ರಬ್ಬರ್ ದೋಣಿಯಲ್ಲಿ ದಡಕ್ಕೆ ಬಂದ್ರು. ಕಾಲಿಟ್ಟ ಮೇಲೂ ಸ್ವಲ್ಪ ಹೊತ್ತು ತೂರಾಡ್ತಿದ್ರು, ಸಮುದ್ರದಿಂದ ಬಂದವರಿಗೆ ಹಾಗಾಗುತ್ತೆ. ಅಮ್ಮಮ್ಮ ಅಳಲಿಲ್ಲ. “ಊಟ ಆಯ್ತಾ?” ಅಂದ್ರು. ರಾತ್ರಿ ಜನರಲ್ ಬೋಗಿಯಲ್ಲಿ ಬ್ಯಾಗಿನ ಮೇಲೆ ಕೂತು ಬಂದ್ವಿ. ಕಾರ್ಯ ಎರಡು ಗಂಟೆ ತಡವಾಗಿ ಶುರುವಾಯ್ತು, ಭಟ್ರು ಸ್ವಲ್ಪ ಗೊಣಗಿದ್ರು. ಪಿಂಡ ಇಟ್ಟದ್ದು ಮಾವನೇ.

ಮಾರ್ಚ್‌ನಲ್ಲಿ ಮತ್ತೆ ಹೋದ್ರು, ಬೇರೆ ಬೋಟು. ಈಗ ಪ್ರತಿ ಬಂದರಿಗೆ ಮುಂಚೆ ಕ್ರೂ ಲಿಸ್ಟ್ ನನಗೆ ವಾಟ್ಸಾಪ್ ಬರುತ್ತೆ. ಪಾಸ್‌ಪೋರ್ಟ್ ಕಾಪಿ ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ತಾಳೆ ನೋಡ್ತೇನೆ, ಆಮೇಲೆಯೇ ಪ್ರಿಂಟು. ಮೊನ್ನೆ ಬಂದದ್ದರಲ್ಲಿ ಮಾವನ ಹುಟ್ಟಿದ ವರ್ಷ 1979ರ ಬದಲು 1997 ಆಗಿತ್ತು.