ಅಣ್ಣನ ಬುಲೆಟ್ಟಿನ ಸದ್ದು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಅಣ್ಣನ ಬುಲೆಟ್ ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸಂಘಟನೆಯ ನಮ್ಮ ಹಿರಿಯರು. ತೀರಿಹೋಗಿ ಆರು ವರ್ಷ ಆಯ್ತು, ಗಾಡಿ ಮಾತ್ರ ಇನ್ನೂ ಓಡ್ತಿದೆ. 1986ರ ಮಾಡೆಲ್ಲು, 350 ಸಿಸಿ, ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಅವರ ಮನೆಯವರು ಮಾರದೆ ನನ್ನ ಕೈಗೆ ಕೊಟ್ಟರು.

ಕಳೆದ ತಿಂಗಳು ಬಿಳಿಗಿರಿರಂಗನ ಬೆಟ್ಟದ ಏರಿನಲ್ಲಿ ಇಂಜಿನ್ನು ಹೊಸ ಸದ್ದು ಶುರು ಮಾಡಿತು. ಡಬ್ಬಿಯೊಳಗೆ ಚಿಲ್ಲರೆ ಹಾಕಿ ಅಲ್ಲಾಡಿಸಿದ ಹಾಗೆ, ಟಿಣಿಟಿಣಿಟಿಣಿ. ಇಳಿಜಾರಿನಲ್ಲಿ ಇಲ್ಲ. ಮಾರನೇ ದಿನ ಬೆಳಿಗ್ಗೆ ಕಿಕ್ ಹೊಡೆದರೆ ಕಿಕ್ಕರು ವಾಪಸ್ ಒದ್ದು ಮೀನಖಂಡ ಊದಿಕೊಂಡಿತು. ಪೇಟೆಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ಕು ಒಂದು ಸಲ ಆಕ್ಸಿಲರೇಟರ್ ತಿರುವಿ, "ಇಂಜಿನ್ ಹೋಗಿದೆ ಸಾರ್, ಬೋರ್ ಮಾಡಿಸಿ ಪಿಸ್ಟನ್ ಹಾಕಬೇಕು, ಹನ್ನೆರಡು ಸಾವಿರ ಆಗುತ್ತೆ" ಅಂದರು. ಏಪ್ರಿಲ್ 14ರ ರ್‍ಯಾಲಿಗೆ ಮೂರು ವಾರ ಇತ್ತು. ಅಣ್ಣನ ಗಾಡಿ ಮುಂದೆ ಇಲ್ಲದ ರ್‍ಯಾಲಿ ನಮ್ಮ ತಾಲ್ಲೂಕಿನಲ್ಲಿ ಆಗಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಗಾಡಿ ವಾಪಸ್ ತಂದೆ.

ಮನೆ ಮುಂದೆ ನಿಲ್ಲಿಸಿದಾಗ ಅಣ್ಣ ಹೇಳ್ತಿದ್ದ ಮಾತು ನೆನಪಿಗೆ ಬಂತು. ಮೊದಲು ಕೇಳು, ಆಮೇಲೆ ಪಾನಾ ಹಿಡಿ.

ಅಣ್ಣ ಮೆಕ್ಯಾನಿಕ್ ಆಗಿರಲಿಲ್ಲ. ಕಲಿಯಲೇಬೇಕಾಗಿ ಬಂದು ಕಲಿತವರು. ಆಗ ಹಳ್ಳಿಗಳಲ್ಲಿ ಮೀಟಿಂಗ್ ಮುಗಿಯೋದೇ ರಾತ್ರಿ ಹತ್ತು ಹನ್ನೊಂದಕ್ಕೆ. ನಮ್ಮ ಕೇರಿ ಊರಿನ ಆ ತುದಿಯಲ್ಲಿ, ಟಾರು ರಸ್ತೆ ಈ ತುದಿಯಲ್ಲಿ. ನಡುವೆ ಮೇಲಿನವರ ಬೀದಿ. ಅಲ್ಲಿ ಗಾಡಿ ಕೆಟ್ಟರೆ ಯಾವ ಬಾಗಿಲೂ ತಟ್ಟೋ ಹಾಗಿರಲಿಲ್ಲ. ಒಂದೂರಲ್ಲಿ ಕೇರಿಯ ಹಿರೀಕರೇ ಕೈಮುಗಿದು, "ಸದ್ದು ಮಾಡಬ್ಯಾಡ ಕಣಪ್ಪ, ನೀನು ಹೊಂಟೋಯ್ತೀಯ, ಇಲ್ಲಿರೋರು ನಾವು" ಅಂದರಂತೆ. ಅವತ್ತು ಅಣ್ಣ ಇಂಜಿನ್ ಆಫ್ ಮಾಡಿ ಅಷ್ಟು ಭಾರದ ಗಾಡೀನ ಆ ಬೀದಿ ಪೂರ್ತಿ ತಳ್ಳಿಕೊಂಡು ಬಂದರು. ಮುಂದಿನ ಸಲ ಹೋಗುವಾಗ ಕೇರಿಯ ನಲವತ್ತು ಜನ ಜೊತೆಗೆ ನಡೆದರು, ಇಂಜಿನ್ ಆಫ್ ಆಗಲಿಲ್ಲ. ಇದೆಲ್ಲ ಹಳೇ ಕಾಲದ ಮಾತು ಅಂತ ಯಾರಾದರೂ ಅಂದರೆ, 2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಕೈಗಳಿಗೆ ಮಚ್ಚು ಬೀಸಿದ ಸುದ್ದಿ ನೆನಪು ಮಾಡಿಕೊಳ್ಳಲಿ. ಬುಲೆಟ್ ಓಡಿಸಿದ್ದಕ್ಕೇ ಹೊಡೆದರು ಅಂತ ಅವನ ಮನೆಯವರು ಹೇಳಿದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೀವಿ.

ಅದಕ್ಕೇ ಅಣ್ಣ ಸದ್ದುಗಳ ಲೆಕ್ಕ ಇಟ್ಟಿದ್ದರು. ಐಡ್ಲಿಂಗಲ್ಲೂ ಓಡುವಾಗಲೂ ಒಂದೇ ಸಮ ಟಿಕ್ ಟಿಕ್ ಅಂದರೆ ಟ್ಯಾಪೆಟ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಟಪಟ ಅಂದು ಬಿಸಿಯಾದ ಮೇಲೆ ಕಮ್ಮಿ ಆದರೆ ಪಿಸ್ಟನ್ನು ಸವೆದಿದೆ, ಆದರೂ ಸ್ವಲ್ಪ ದಿನ ಓಡುತ್ತೆ. ಕೆಳಗಿನಿಂದ ಡಗ್ ಡಗ್ ಅಂತ ದಪ್ಪ ಸದ್ದು ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗು, ಅಲ್ಲೇ ನಿಲ್ಲಿಸಿಬಿಡಬೇಕು. ಇಂಜಿನ್ ಬಿಸಿಯಾಗಿ, ಏರಿನಲ್ಲಿ, ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಚಿಲ್ಲರೆ ಅಲ್ಲಾಡಿಸಿದ ಹಾಗಾದರೆ ಮೊದಲು ಟೈಮಿಂಗ್ ನೋಡು. ಪಿಸ್ಟನ್ ಮೇಲೆ ಬರೋ ಮೊದಲೇ ಕಿಡಿ ಹಾರಿ, ಉರಿ ಅದನ್ನ ಎದುರಿನಿಂದ ಒದೀತಿದೆ ಅಂತ ಅರ್ಥ. ಕಿಕ್ಕರು ವಾಪಸ್ ಒದ್ದರೆ ಅನುಮಾನ ಇನ್ನೂ ಗಟ್ಟಿ.

ನನ್ನ ಗಾಡಿಯದು ಎರಡೂ ಇತ್ತು. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನ ಇಂಜಿನ್ನಿಗೆ ಒತ್ತಿ, ಹಿಡಿ ಕಿವಿಗೆ ಇಟ್ಟು ಕೇಳಿದೆ. ಕೆಳಗೆ ದಪ್ಪ ಸದ್ದಿಲ್ಲ. ಆಗ ಹೊಳೀತು: ಎರಡು ತಿಂಗಳ ಹಿಂದೆ ಸರ್ವಿಸಿನಲ್ಲಿ ಹೊಸ ಪಾಯಿಂಟ್ ಸೆಟ್ ಹಾಕಿಸಿದ್ದೆ.

ಭಾನುವಾರ ಮಗಳನ್ನ ಜೊತೆಗೆ ಕೂರಿಸಿಕೊಂಡೆ. ಪಿಯುಸಿ ಓದ್ತಾಳೆ. ಮುಚ್ಚಳ ತೆಗೆದು, ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜ್ ಹಾಕಿದೆ. ಇರಬೇಕಾದ್ದು 0.35ರಿಂದ 0.40 ಮಿ.ಮೀ. ಇದ್ದದ್ದು 0.60! ಕಣ್ಣಂದಾಜಿನಲ್ಲಿ ಸೆಟ್ ಮಾಡಿಬಿಟ್ಟಿದ್ದರು. ಗ್ಯಾಪು ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತೆ, ಕಿಡಿ ಬೇಗ ಹಾರುತ್ತೆ. ಅದಕ್ಕೇ ಯಾವತ್ತೂ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಗ್ಯಾಪ್ ಸರಿ ಮಾಡಿ ಪ್ಲಗ್ ಬಿಚ್ಚಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಬೇಕು. ಪಿಸ್ಟನ್ ಮೇಲೆ ಬರುವಾಗ ಟ್ಯಾಪೆಟ್ಟಿನ ಎರಡು ಕಡ್ಡಿಗಳೂ ಬೆರಳಲ್ಲಿ ಸಲೀಸಾಗಿ ತಿರುಗಿದರೆ ಅದು ಕಂಪ್ರೆಷನ್ನು. ಪ್ಲಗ್ ತೂತಿನಲ್ಲಿ ಅಣ್ಣನ ಹಳೇ ಸೈಕಲ್ ಕಡ್ಡಿ ಇಳಿಸಿದೆ, ಅದರ ಮೇಲೆ ಅವರೇ ಗೀರಿದ ಗೆರೆಗಳಿವೆ. ಪಿಸ್ಟನ್ ತುತ್ತತುದಿ ಮುಟ್ಟೋಕೆ 0.8 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ಬಿಡಬೇಕು. ಚಕ್ರವನ್ನ ಒಂದಿಷ್ಟು ಹೆಚ್ಚೇ ಹಿಂದಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಹಲ್ಲುಗಳ ಸಡಿಲ ನಮಗೆ ಸುಳ್ಳು ಹೇಳುತ್ತೆ.

ಪಾಯಿಂಟ್ ಯಾವಾಗ ಬಿಡ್ತು ಅಂತ ತಿಳಿಯೋಕೆ ಸಿಗರೇಟಿನ ತೆಳು ಕಾಗದ ಸಾಕು. ಪಾಯಿಂಟಿನ ನಡುವೆ ಸಿಕ್ಕಿಸಿ ಮಗಳ ಕೈಗೆ ಕೊಟ್ಟೆ, "ಮೆತ್ತಗೆ ಎಳೀತಿರು" ಅಂದೆ. ನಾನು ಡಿಸ್ಟ್ರಿಬ್ಯೂಟರಿನ ಕ್ಲ್ಯಾಂಪ್ ಸಡಿಲಿಸಿ ಕೂದಲೆಳೆ ಕೂದಲೆಳೆಯಾಗಿ ತಿರುಗಿಸಿದೆ.

"ಅಪ್ಪಾ, ಬಿಡ್ತು!"

ಕ್ಲ್ಯಾಂಪ್ ಬಿಗಿದೆ. ಮತ್ತೊಂದು ಸಲ ಚಕ್ರ ತಿರುಗಿಸಿ, ಈ ಸಲ ಕೀ ಆನ್ ಮಾಡಿ ಆಂಪಿಯರ್ ಮೀಟರ್ ನೋಡಿದೆವು. ಪಾಯಿಂಟ್ ಕೂಡಿದ್ದಾಗ ಮುಳ್ಳು ಮೈನಸ್ ಕಡೆ ವಾಲಿರುತ್ತೆ, ಬಿಟ್ಟ ತಕ್ಷಣ ನಡುವಿಗೆ ಬರುತ್ತೆ. ಗೆರೆಗೂ ಮುಳ್ಳಿಗೂ ಸರಿಹೋಯ್ತು. ಎರಡನೇ ಕಿಕ್ಕಿಗೆ ಗಾಡಿ ಶುರುವಾಯ್ತು. ಸಂಜೆ ಅದೇ ಏರಿಗೆ ಹೋದೆ. ಚಿಲ್ಲರೆ ಸದ್ದಿಲ್ಲ, ಡುಬ್ ಡುಬ್ ಅಷ್ಟೇ. ಖರ್ಚು: ಒಂದು ಸಿಗರೇಟು. ಅದನ್ನೂ ಯಾರೂ ಸೇದಲಿಲ್ಲ.

ಆ ಮೆಕ್ಯಾನಿಕ್ಕನ್ನು ಬೈಯೋಕೆ ಇದನ್ನ ಬರೀತಿಲ್ಲ. ಅವರದು ಅವಸರ, ಹಳೇ ಗಾಡಿ ಅಂದ ತಕ್ಷಣ ತೀರ್ಪು. ಹಾಗೆ ಕೇಳದೇ ತೀರ್ಪು ಕೊಡೋದು ನಮಗೇನು ಹೊಸದಲ್ಲ. ನಮ್ಮ ಹುಡುಗರು ಗಾಡಿ ಸಾಲ ತಗೊಂಡು ಓಡಿಸ್ತಾರೆ, ಪ್ಲಗ್ ಕೂಡ ಬಿಚ್ಚೋಕೆ ಬರಲ್ಲ. ಹೊಸ ಗಾಡಿಗಳಲ್ಲಿ ಪಾಯಿಂಟ್ ಇಲ್ಲ, ನಿಜ. ಆದರೆ ಕಿವಿ ಎಲ್ಲರಿಗೂ ಇದೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನದ ಅಂಗಳದಲ್ಲಿ ಗಾಡಿ ಬಿಚ್ಚಿ ತೋರಿಸ್ತೀನಿ. ಹುಡುಗೀರೂ ಬನ್ನಿ, ಕಾಗದ ಹಿಡಿದು ಹೇಳಿಕೊಡೋಳು ನನ್ನ ಮಗಳೇ. 14ನೇ ತಾರೀಖು ಅಣ್ಣನ ಬುಲೆಟ್ ಮುಂದಿರುತ್ತೆ, ಆ ಬೀದಿಯಲ್ಲೇ ಹೋಗುತ್ತೆ. ಇಂಜಿನ್ ಆಫ್ ಆಗಲ್ಲ.

ಜೈ ಭೀಮ್.