ಎರಡು ವಾಲ್ವುಗಳು

1972ರ ಬರಗಾಲ. ಕದರಮಂಡಲಗಿಯ ನಮ್ಮ ಹೊಲದ ಬಾವಿಯಲ್ಲಿ ಅಷ್ಟಿಷ್ಟು ನೀರಿತ್ತು. ಅದನ್ನು ಮೆಣಸಿನ ಗಿಡಗಳಿಗೆ ಮುಟ್ಟಿಸಬೇಕಾದ ಡೀಸೆಲ್ ಎಂಜಿನ್ ಮಾತ್ರ ನಿಂತುಬಿಟ್ಟಿತ್ತು. (ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಾಗ ನನಗೆ ನೆನಪಾದದ್ದು ಆ ಬಾಡಿದ ಗಿಡಗಳೇ.)

ಅಪ್ಪ ಸಿಲಿಂಡರ್ ಹೆಡ್ಡನ್ನು ಬಿಚ್ಚಿ ಮನೆಗೆ ತಂದರು. ನಟ್ಟುಗಳನ್ನು ಒಂದೇ ಬದಿಯಿಂದ ತೆಗೆಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿದ್ದರು. ಇಲ್ಲವಾದರೆ ಹೆಡ್ಡು ಸೊಟ್ಟಗಾಗುತ್ತದೆ. ಪಡಸಾಲೆಯಲ್ಲಿ ಕುಳಿತು, ಗಾಳಿ ಒಳಬರುವ ವಾಲ್ವನ್ನೂ ಹೊಗೆ ಹೊರಹೋಗುವ ವಾಲ್ವನ್ನೂ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅವವುಗಳ ಸೀಟಿನಲ್ಲಿಯೇ ತಿರುವಿ ತಿರುವಿ ಅರೆದರು. ತೊಳೆಯುವ ಕೆಲಸ ನನ್ನದು. ಎರಡನ್ನೂ ಒಂದೇ ಡಬ್ಬಿಯ ಚಿಮಣಿ ಎಣ್ಣೆಯಲ್ಲಿ ಅದ್ದಿದೆ. ನೋಡಲು ಎರಡೂ ಒಂದೇ. ಯಾವುದು ಯಾವುದೆಂದು ತಿಳಿಯದೆ, ಹೇಳಲೂ ಅಂಜಿ, ಊಹೆಯಿಂದ ಕೊಟ್ಟೆ.

ಮರುದಿನ ಹ್ಯಾಂಡಲ್ ತಿರುಗಿಸಿದರೆ ಒಳಗೆ ಒತ್ತಡವೇ ನಿಲ್ಲದು. ಆಗ ಒಪ್ಪಿಕೊಂಡೆ.

"ನಿನ್ನೆನ ಹೇಳಿದ್ರ ಒಂದ್ ತಾಸಿನ ಕೆಲಸ ಇತ್ತಲ್ಲೋ ತಮ್ಮಾ" ಎಂದರು ಅಪ್ಪ. ಅಷ್ಟೇ. ಮತ್ತೆ ಬಿಚ್ಚಿ, ಕಂದೀಲಿನ ಬೆಳಕಿನಲ್ಲಿ ನಡುರಾತ್ರಿಯವರೆಗೆ ಅರೆದರು. ಮೂರನೆಯ ದಿನ ನೀರು ಹರಿಯಿತು. ಅಷ್ಟರಲ್ಲಿ ಬದುವಿನಂಚಿನ ನಾಲ್ಕು ಸಾಲು ಒಣಗಿಹೋಗಿದ್ದವು.

ಮುಂದೆ ತರಗತಿಯಲ್ಲಿ, "ಗೊತ್ತಿಲ್ಲ ಸರ್" ಎಂದು ಎದ್ದುನಿಂತು ಹೇಳಿದವರಿಗೆ ನಾನೆಂದೂ ಬೆತ್ತ ಎತ್ತಲಿಲ್ಲ. ಏಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ.